ಮೊದಲು ಕೂತು ಲೆಕ್ಕ ಹಾಕು

(ಯುವಜನರ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ. ವಾಕ್ಯಭಾಗ: ಲೂಕ 14:28-30)

  

ಬಾಗಿಲ ಹತ್ತಿರ ಪ್ರಾರ್ಥನಾ ವಿನಂತಿಗಳ ಡಬ್ಬಿ ಇದೆಯಲ್ಲ, ಈ ತಿಂಗಳು ಅದನ್ನ ತೆಗೆದಾಗ ಬಂದ ಚೀಟಿಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು: ಕಾಲೇಜು. ಪಿಯು ರಿಸಲ್ಟ್ ಬಂತು, ಸಿಇಟಿ ಮುಗೀತು, ಇನ್ನು ಮುಂದೇನು? ಅದರಲ್ಲಿ ಒಂದು ಚೀಟಿ ಓದಿ ನನಗೆ ನಗು ಬಂತು, ಆಮೇಲೆ ಮನಸ್ಸು ಭಾರ ಆಯ್ತು. ಮೇಲ್ಗಡೆ ಒಂದು ಕೈಬರಹ: "ಪಾಸ್ಟರ್, ನಾನು ಸ್ಪೋರ್ಟ್ಸ್‌ಗೆ ಒಳ್ಳೆ ಕಾಲೇಜು ಸೇರ್ಬೇಕಾ, ಓದಿಗೆ ಒಳ್ಳೆ ಕಾಲೇಜು ಸೇರ್ಬೇಕಾ? ದೇವರ ಚಿತ್ತ ಏನು ಅಂತ ಕೇಳಿ ಹೇಳಿ." ಅದರ ಕೆಳಗಡೆ ಇನ್ನೊಂದು ಕೈಬರಹ: "ಇಂಜಿನಿಯರಿಂಗ್ ಸೀಟನ್ನೇ ತಗೊಳ್ಳೋ ಹಾಗೆ ಕರ್ತನು ಅವಳ ಮನಸ್ಸು ಬದಲಾಯಿಸಲಿ."

ಒಂದೇ ಚೀಟಿ, ಎರಡು ಪ್ರಾರ್ಥನೆ! ದೇವರು ಯಾರ ಕಡೆ ಸೇರ್ಬೇಕು ಹೇಳಿ?

ಆ ಮನೆಯವರ ಒಪ್ಪಿಗೆ ಕೇಳಿದ ಮೇಲೇನೇ ಈ ವಿಷಯ ಇಲ್ಲಿ ಎತ್ತುತ್ತಾ ಇದ್ದೀನಿ. ಯಾಕಂದ್ರೆ ಇದು ಒಂದು ಮನೆಯ ಪ್ರಶ್ನೆ ಅಲ್ಲ. ಇಲ್ಲಿ ಕೂತಿರೋರಲ್ಲಿ ಫುಟ್‌ಬಾಲ್ ಆಡೋರಿದ್ದೀರಿ, ಬ್ಯಾಡ್ಮಿಂಟನ್ ಆಡೋರಿದ್ದೀರಿ, ಬೆಳಿಗ್ಗೆ 5 ಗಂಟೆಗೆ ಎದ್ದು ಕಂಠೀರವಕ್ಕೆ ಓಡೋಕೆ ಹೋಗೋರಿದ್ದೀರಿ. ನಿಮಗೆ ಇವತ್ತು ದೇವರ ವಾಕ್ಯ ಏನು ಹೇಳುತ್ತೆ ನೋಡೋಣ.

ಲೂಕ 14ನೇ ಅಧ್ಯಾಯ, 28ರಿಂದ 30ನೇ ವಚನ. ಮೊಬೈಲಲ್ಲಿ ತೆಗೆಯೋರು ನೋಟಿಫಿಕೇಶನ್ ಆಫ್ ಮಾಡಿ ತೆಗೀರಿ. ಓದಿದ್ರಾ? ನನ್ನ ಮಾತಲ್ಲಿ ಹೇಳ್ತೀನಿ ಕೇಳಿ. ಒಬ್ಬ ಮನುಷ್ಯನಿಗೆ ಬುರುಜು ಕಟ್ಟಬೇಕು ಅಂತ ಆಸೆ. ಬುದ್ಧಿ ಇದ್ದರೆ ಅವನು ಮೊದಲು ಕೂತ್ಕೊಂಡು, ಖರ್ಚು ಎಷ್ಟಾಗುತ್ತೆ, ಕೈಯಲ್ಲಿ ಎಷ್ಟಿದೆ ಅಂತ ನೋಡ್ತಾನೆ. ನೋಡದೆ ಶುರು ಮಾಡಿದ್ರೆ ಅಡಿಪಾಯಕ್ಕೇ ದುಡ್ಡು ಮುಗಿದುಹೋಗುತ್ತೆ, ದಾರೀಲಿ ಹೋಗೋರು ನೋಡಿ ನಗ್ತಾರೆ. ಬೆಂಗಳೂರಿನವರಿಗೆ ಇದನ್ನ ಬಿಡಿಸಿ ಹೇಳ್ಬೇಕಾ? ಕಂಬ ಎದ್ದು, ಮೇಲೆ ಚಾಚಿದ ಕಂಬಿ ತುಕ್ಕು ಹಿಡಿದು, ವರ್ಷಗಟ್ಟಲೆ ಹಾಗೇ ನಿಂತ ಕಟ್ಟಡ ನಿಮ್ಮ ಏರಿಯಾದಲ್ಲೂ ಒಂದಿರುತ್ತೆ.

ಒಂದು ಮಾತು ಪ್ರಾಮಾಣಿಕವಾಗಿ ಹೇಳ್ಬೇಕು. ಯೇಸುಸ್ವಾಮಿ ಇಲ್ಲಿ ಕಾಲೇಜಿನ ಬಗ್ಗೆ ಮಾತಾಡ್ತಿಲ್ಲ. ತನ್ನನ್ನು ಹಿಂಬಾಲಿಸೋಕೆ ಎಷ್ಟು ಬೆಲೆ ಕೊಡಬೇಕಾಗುತ್ತೆ ಅಂತ ಹೇಳ್ತಾ ಇದ್ದಾನೆ. ವಾಕ್ಯವನ್ನು ಎಳೆದು ನಮಗೆ ಬೇಕಾದ ಕಡೆ ಕಟ್ಟಬಾರದು. ಆದರೆ ಆತನು ಉದಾಹರಣೆಗೆ ತಗೊಂಡಿದ್ದು ದಿನನಿತ್ಯದ ಬುದ್ಧಿವಂತಿಕೆಯನ್ನ. ದೊಡ್ಡ ಕೆಲಸಕ್ಕೆ ಕೈ ಹಾಕೋ ಮೊದಲು ಕೂತು ಲೆಕ್ಕ ಹಾಕೋದು ಅವಿಶ್ವಾಸ ಅಲ್ಲ, ವಿವೇಕ ಅಂತ ಆತನು ಒಪ್ಪಿಕೊಂಡೇ ಮಾತಾಡ್ತಾನೆ. ಶಿಷ್ಯನಾಗೋ ವಿಷಯಕ್ಕೇ ಲೆಕ್ಕ ಬೇಕು ಅಂದ್ಮೇಲೆ, ಕಾಲೇಜು ಸೇರೋಕೆ ಬೇಡ್ವಾ?

ಆಟ ಲೋಕದ್ದು, ಓದು ದೇವರದ್ದು ಅಂತ ಯಾರು ಹೇಳಿದ್ದು?

ನಮ್ಮ ಸಭೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆ ಇದೆ. ಓದು ಅಂದ್ರೆ ಆಶೀರ್ವಾದ, ಆಟ ಅಂದ್ರೆ ಕಾಲಹರಣ. ಭಾನುವಾರ ಟ್ಯೂಷನ್ ಇದೆ ಅಂತ ಮಗ ಆರಾಧನೆ ತಪ್ಪಿಸಿದ್ರೆ, "ಪಾಪ, ಎಕ್ಸಾಮ್ ಹತ್ರ ಬಂತು" ಅಂತೀವಿ. ಅದೇ ಮಗ ಮ್ಯಾಚ್ ಇದೆ ಅಂತ ತಪ್ಪಿಸಿದ್ರೆ, "ಹಿಂಜಾರಿಬಿಟ್ಟ" ಅಂತೀವಿ. ತಪ್ಪಿಸಿದ್ದು ಅದೇ ಆರಾಧನೆ ಅಲ್ವಾ? ಆಮೆನ್ ಅನ್ನೋಕೆ ಅಪ್ಪ-ಅಮ್ಮಂದಿರು ಸ್ವಲ್ಪ ಹಿಂದೆಮುಂದೆ ನೋಡ್ತಿದ್ದೀರಿ. ಪರವಾಗಿಲ್ಲ.

1 ಕೊರಿಂಥ 9ನೇ ಅಧ್ಯಾಯದ ಕೊನೇ ಭಾಗ ನೋಡಿ. ಅಪೊಸ್ತಲನಾದ ಪೌಲನು ಓಟದ ಬಗ್ಗೆ, ಗುದ್ದಾಟದ ಬಗ್ಗೆ ಬರೀತಾನೆ. ಕೊರಿಂಥದವರಿಗೇ ಯಾಕೆ ಹಾಗೆ ಬರೆದ? ಆ ಪಟ್ಟಣದ ಹತ್ತಿರ ಎರಡು ವರ್ಷಕ್ಕೊಮ್ಮೆ ಇಸ್ತ್‌ಮಿಯನ್ ಕ್ರೀಡಾಕೂಟ ನಡೀತಿತ್ತು. ಗೆದ್ದವನಿಗೆ ಸಿಗ್ತಿದ್ದ ಕಿರೀಟ ಚಿನ್ನದ್ದಲ್ಲ, ಪೈನ್ ಎಲೆಯದ್ದೋ ಒಣಗಿದ ಸೆಲರಿ ಸೊಪ್ಪಿನದ್ದೋ ಅಷ್ಟೇ. ಬಾಡಿಹೋಗೋ ಕಿರೀಟ ಅಂತ ಪೌಲ ಹೇಳಿದಾಗ ಆ ಊರಿನವರಿಗೆ ಅದರ ವಾಸನೆ ಸಮೇತ ಗೊತ್ತಿತ್ತು. ಆದರೆ ಗಮನಿಸಿ, ಪೌಲ ಆ ಕ್ರೀಡಾಪಟುವನ್ನ ಗೇಲಿ ಮಾಡಲ್ಲ. ಅವನ ಶಿಸ್ತನ್ನು ತೋರಿಸಿ, ನೀವೂ ಹಾಗೆ ಓಡಿ ಅಂತಾನೆ. 1 ತಿಮೊಥೆಯ 4:8ರಲ್ಲಿ ದೇಹಸಾಧನೆಗೆ ಸ್ವಲ್ಪ ಪ್ರಯೋಜನ ಇದೆ, ದೇವಭಕ್ತಿಗೆ ಎಲ್ಲಾ ವಿಧದಲ್ಲೂ ಪ್ರಯೋಜನ ಇದೆ ಅನ್ನೋ ಅರ್ಥದಲ್ಲಿ ಬರೀತಾನೆ. ಸ್ವಲ್ಪ ಅಂದ್ರೆ ಸೊನ್ನೆ ಅಲ್ಲ. ಎಲ್ಲವೂ ಅಲ್ಲ.

ಓದಿಗೂ ಅದೇ ಮಾತು. ದಾನಿಯೇಲ 1ನೇ ಅಧ್ಯಾಯ ಓದಿ. ದಾನಿಯೇಲ ಮತ್ತು ಅವನ ಮೂವರು ಸ್ನೇಹಿತರು ಬಾಬೆಲಿನಲ್ಲಿ 3 ವರ್ಷದ ಕೋರ್ಸ್ ಮಾಡಿದ್ರು. ಕಲಿಸಿದ್ದು ಬಾಬೆಲಿನವರ ಭಾಷೆ, ಬಾಬೆಲಿನವರ ಸಾಹಿತ್ಯ. ಸಂಡೇ ಸ್ಕೂಲ್ ಸಿಲೆಬಸ್ ಅಲ್ಲ! ದೇವರು ಆ ಓದಿಗೂ ಜ್ಞಾನ ಕೊಟ್ಟ. ಆದರೆ ಡಿಗ್ರಿ ಅವರ ದೇವರಾಗಲಿಲ್ಲ. ಹಾಗಾಗಿ ಓದು, ಆಟ ಎರಡೂ ಕರ್ತನು ಕೊಟ್ಟ ತಲಾಂತು. ಎರಡೂ ವಿಗ್ರಹ ಆಗಬಹುದು. ಮಾರ್ಕ್ಸ್ ಕಾರ್ಡಿಗೆ ಅಡ್ಡಬೀಳೋದು, ಮೆಡಲಿಗೆ ಅಡ್ಡಬೀಳೋದು, ದೇವರ ಮುಂದೆ ಎರಡೂ ಒಂದೇ.

ಬೇರೆಯವರ ಬುರುಜಿನ ಲೆಕ್ಕ

ಮನೇಲಿ ಈ ಜಗಳ ಶುರುವಾದ್ರೆ ಏನಾಗುತ್ತೆ? ಅಪ್ಪ ಹೇಳ್ತಾರೆ, "ಅನಿಲ್ ಕುಂಬ್ಳೆ ನೋಡು. ಆರ್‌ವಿ ಕಾಲೇಜಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದ್ತಾನೇ 1990ರಲ್ಲಿ ಟೆಸ್ಟ್ ಆಡಿದ್ರು. 619 ವಿಕೆಟ್ ತಗೊಂಡ್ರು. ಶ್ರೀನಾಥ್ ಕೂಡ ಮೈಸೂರಲ್ಲಿ ಇಂಜಿನಿಯರಿಂಗ್ ಓದಿದವರೇ." ಮಗ ಹೇಳ್ತಾನೆ, "ಸಚಿನ್ 1989ರಲ್ಲಿ 16ನೇ ವಯಸ್ಸಿಗೇ ಟೆಸ್ಟ್ ಆಡ್ಲಿಲ್ವಾ? ಡಿಗ್ರಿಗೆ ಕಾಯ್ತಾ ಕೂತ್ರಾ?" ಇಬ್ಬರೂ ಹೇಳಿದ್ದು ನಿಜ. ಆದರೆ ಇಬ್ಬರೂ ಹೇಳಿದ್ದು ಬೇರೆಯವರ ಬುರುಜಿನ ಲೆಕ್ಕ. ಯೇಸು ಹೇಳಿದ ಮನುಷ್ಯ ಪಕ್ಕದ ಮನೆಯವನ ಬುರುಜು ನೋಡಿ ಶುರು ಮಾಡಲಿಲ್ಲ, ತನ್ನ ಕೈಯಲ್ಲಿ ಎಷ್ಟಿದೆ ಅಂತ ನೋಡ್ಕೊಂಡ.

ಇನ್ನು ಕೆಲವರ ಕಣ್ಣು ಅಮೆರಿಕದ ಮೇಲೆ. ದೆಹಲಿಯ ಹೈಜಂಪ್ ಆಟಗಾರ ತೇಜಸ್ವಿನ್ ಶಂಕರ್ ಕ್ರೀಡಾ ಸ್ಕಾಲರ್‌ಶಿಪ್ ಮೇಲೆ ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಗೆ ಹೋದರು. 2018ರಲ್ಲೂ 2022ರಲ್ಲೂ ಅಲ್ಲಿನ ಕಾಲೇಜು ಚಾಂಪಿಯನ್ ಆದರು, 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. ಅವರಿಗೆ ಆಟ ಓದಿನ ಬಾಗಿಲು ತೆಗೀತು. ಒಳ್ಳೇದು. ಆದರೆ ಪೂರ್ತಿ ಚಿತ್ರ ನೋಡಿ. ಅಲ್ಲಿ ಕಾಲೇಜು ಕ್ರೀಡೆ ನಡೆಸೋ ಎನ್‌ಸಿಎಎ ಅಡಿಯಲ್ಲಿ 5 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಆಡ್ತಾರೆ. ಅವರಲ್ಲಿ ಆಟವನ್ನೇ ವೃತ್ತಿ ಮಾಡ್ಕೊಳ್ಳೋರು ನೂರಕ್ಕೆ 2ಕ್ಕಿಂತ ಕಡಿಮೆ ಅಂತ ಆ ಸಂಸ್ಥೆಯೇ ಹೇಳುತ್ತೆ. ಅದರ 3ನೇ ಡಿವಿಷನ್ನಿನ ಕಾಲೇಜುಗಳು, ಹಾರ್ವರ್ಡ್‌ನಂಥ ಐವಿ ಲೀಗ್ ಕಾಲೇಜುಗಳು, ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡೋದೇ ಇಲ್ಲ. ಆಸೆ ಬಿಟ್ಟುಬಿಡಿ ಅಂತ ನಾನು ಹೇಳ್ತಿಲ್ಲ. ಲೆಕ್ಕದಲ್ಲಿ ಈ ಸಾಲೂ ಇರಲಿ ಅಂತೀನಿ.

ಲೆಕ್ಕದ ಪುಸ್ತಕದಲ್ಲಿ ಏನು ಬರೀಬೇಕು?

ಪೂರ್ಣಾವಧಿ ಸೇವೆಗೆ ಬರೋ ಮುಂಚೆ ನಾನು ಪಿಯು ಕಾಲೇಜಲ್ಲಿ ಕಾಮರ್ಸ್ ಪಾಠ ಮಾಡ್ತಿದ್ದೆ. ಹಾಗಾಗಿ ಆ ಚೀಟಿ ಬರೆದ ತಾಯಿ, ಮಗಳು, ಅವಳ ತಂದೆ ಆಫೀಸಿಗೆ ಬಂದಾಗ ನಾನು ಮೊದಲು ಒಂದು ನೋಟ್‌ಬುಕ್ ತೆಗೆದೆ. ಪಾಸ್ಟರ್ ತಲೆ ಮೇಲೆ ಕೈ ಇಟ್ಟು "ಕರ್ತನು ಹೀಗೆ ಹೇಳ್ತಾನೆ" ಅಂತಾರೆ ಅಂದ್ಕೊಂಡು ಬಂದಿದ್ರು. ನಾನು ಪೆನ್ನು ಕೊಟ್ಟೆ.

ಮಗಳು 400 ಮೀಟರ್ ಓಡ್ತಾಳೆ. ಕೈಯಲ್ಲಿ ಎರಡು ಸೀಟು. ಒಂದು, ಊರಿನ ಆ ಕೊನೆಯಲ್ಲಿರೋ ಇಂಜಿನಿಯರಿಂಗ್ ಕಾಲೇಜು. ಟ್ರ್ಯಾಕ್ ಇಲ್ಲ, ಫೀಸಿಗೆ ಸಾಲ ಆಗಬೇಕು. ಇನ್ನೊಂದು, ಬಿಸಿಎ ಇರೋ ಡಿಗ್ರಿ ಕಾಲೇಜು. ಸ್ಪೋರ್ಟ್ಸ್ ಕೋಟಾದಲ್ಲಿ ಫೀಸ್ ಮಾಫಿ, ಸ್ಟೇಡಿಯಂ ಹತ್ತಿರ. ನಾವು ಬರೆದಿದ್ದು ನಾಲ್ಕು ಸಾಲು. ನೀವೂ ಬರ್ಕೊಳ್ಳಿ.

ಮೊದಲನೇ ಸಾಲು, ಸಮಯ. ವಾರಕ್ಕೆ 168 ಗಂಟೆ. ರಾಜನಿಗೂ ಅಷ್ಟೇ, ಕ್ಯಾಬ್ ಡ್ರೈವರ್‌ಗೂ ಅಷ್ಟೇ. ಓಡೋ ದೇಹಕ್ಕೆ ದಿನಕ್ಕೆ 8 ಗಂಟೆ ನಿದ್ದೆ, 56 ಆಯ್ತು. ಸ್ನಾನ, ಊಟ, ಮನೆಕೆಲಸ 21. ಪ್ರಾಕ್ಟೀಸ್ 21. ಇಂಜಿನಿಯರಿಂಗ್ ಕ್ಲಾಸು, ಲ್ಯಾಬು 38. ಮನೆ, ಕಾಲೇಜು, ಟ್ರ್ಯಾಕ್ ಅಂತ ಬಸ್ಸಲ್ಲಿ ದಿನಕ್ಕೆ 3 ಗಂಟೆ, ಆರು ದಿನಕ್ಕೆ 18. ಕೂಡಿಸಿದ್ರೆ 154. ಉಳಿದಿದ್ದು 14 ಗಂಟೆ. ಓದು, ಲ್ಯಾಬ್ ರೆಕಾರ್ಡ್, ಆರಾಧನೆ, ಜ್ವರ ಬಂದ್ರೆ ಮಲಗೋದು, ಎಲ್ಲಾ ಆ 14ರಲ್ಲೇ. ಅದೇ ಬಿಸಿಎ ಕಾಲೇಜಿಗೆ ಕ್ಲಾಸ್ 30, ಓಡಾಟ 9. ಉಳಿದಿದ್ದು 31. ತಂದೆ ಕ್ಯಾಬ್ ಓಡಿಸೋರು, ಟ್ರಾಫಿಕ್ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ 18ನ್ನು ನೋಡಿ ಅವರೇ ಹೇಳಿದ್ರು, "ಪಾಸ್ಟರ್, ಮಳೆ ಬಂದ್ರೆ ಇದು 24."

ಎರಡನೇ ಸಾಲು, ಕಾಗದ. ಬಾಯಿಮಾತಲ್ಲಿ ಎಲ್ಲಾ ಕಾಲೇಜೂ ಸ್ವರ್ಗ. ಪತ್ರದಲ್ಲಿ ಏನಿದೆ ಓದಿ. ಫೀಸ್ ಮಾಫಿ ಒಂದು ವರ್ಷಕ್ಕಾ, ಕೋರ್ಸ್ ಮುಗಿಯೋವರೆಗಾ? ತಂಡದಲ್ಲಿ ಜಾಗ ಸಿಗದಿದ್ರೆ ಏನು? ಗಾಯ ಆದ್ರೆ ಏನು? ಟೂರ್ನಮೆಂಟಿಗೆ ಹೋದ ದಿನಗಳಿಗೆ ಅಟೆಂಡೆನ್ಸ್ ಕೊಡ್ತಾರಾ? ಇಂಟರ್ನಲ್ ಟೆಸ್ಟ್ ತಪ್ಪಿದ್ರೆ ಮತ್ತೆ ಬರೆಯೋಕೆ ಬಿಡ್ತಾರಾ? ಕೋಚ್ ಇದ್ದಾರಾ, ಅಥವಾ ಟ್ರೋಫಿ ಫೋಟೋ ಮಾತ್ರ ಇದೆಯಾ? ಇವಳ ಪತ್ರದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಪ್ರತಿ ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ಆದ್ರೆ ಮಾತ್ರ ಮಾಫಿ ಮುಂದುವರಿಯುತ್ತೆ. ಮನೇಲಿ ಯಾರೂ ಅದನ್ನ ಓದಿರಲಿಲ್ಲ. ಮಾರನೇ ದಿನ ತಂದೆ-ಮಗಳು ಹೋಗಿ ಕೇಳಿದ್ರು. ಗಾಯ ಆದ್ರೆ ವೈದ್ಯರ ಪತ್ರದ ಮೇಲೆ ಒಂದು ವರ್ಷ ಮಾಫಿ ನಿಲ್ಲೋದಿಲ್ಲ ಅಂತ ಕಾಲೇಜಿನವರು ಬರೆದುಕೊಟ್ರು. ಕೇಳಿದ್ದಕ್ಕೆ ಸಿಕ್ತು. ಕೇಳದಿದ್ರೆ ಸಿಗ್ತಿರಲಿಲ್ಲ.

ಮೂರನೇ ಸಾಲು, ಮೊಣಕಾಲು. ಕೋಪ ಮಾಡ್ಕೋಬೇಡಿ, ಇದು ಶಾಪ ಅಲ್ಲ, ಲೆಕ್ಕ. ಮೊದಲನೇ ಸೆಮಿಸ್ಟರಲ್ಲೇ ಮೊಣಕಾಲಿನ ಲಿಗಮೆಂಟ್ ಹರೀತು ಅಂದ್ಕೊಳ್ಳಿ. ಆಗಲೂ ನಾನು ಈ ಕಾಲೇಜಲ್ಲಿ, ಈ ಕೋರ್ಸಲ್ಲಿ ಕೂತ್ಕೊಂಡು ಓದೋಕೆ ಇಷ್ಟಪಡ್ತೀನಾ? ಇಲ್ಲ ಅಂದ್ರೆ ನೀವು ಕಾಲೇಜು ಆರಿಸ್ತಾ ಇಲ್ಲ, ಮೈದಾನ ಮಾತ್ರ ಆರಿಸ್ತಾ ಇದ್ದೀರಿ. ಈ ಪ್ರಶ್ನೆಗೆ ಇನ್ನೊಂದು ಮುಖನೂ ಇದೆ, ತಂದೆ-ತಾಯಂದಿರೇ. ನಿಮ್ಮ ಮಗ ಇಂಜಿನಿಯರಿಂಗ್ ಮುಗಿಸಿದ, ಕೆಲಸ ಸಿಕ್ತು. ಆದ್ರೆ 18ರಿಂದ 22ರ ವಯಸ್ಸಿನ ಕಾಲು ಮತ್ತೆ ಸಿಗಲ್ಲ. ಬಿಟ್ಟ ಡಿಗ್ರಿಯನ್ನು ಮೂವತ್ತರಲ್ಲಿ ಮುಕ್ತ ವಿಶ್ವವಿದ್ಯಾಲಯದಲ್ಲಾದರೂ ಮುಗಿಸಬಹುದು. ಬಿಟ್ಟ 400 ಮೀಟರನ್ನು ಮೂವತ್ತರಲ್ಲಿ ಶುರು ಮಾಡೋಕಾಗಲ್ಲ. ಅದೂ ಲೆಕ್ಕಕ್ಕೆ ಬರಬೇಕು. ಹಾಗೇ, ಆಟವನ್ನೇ ನಂಬಿ ಓದು ಬಿಡ್ತೀನಿ ಅನ್ನೋರು ಕೇಳಿ: ರೈಲ್ವೆ, ಆದಾಯ ತೆರಿಗೆ ಇಲಾಖೆ ಅಂಥ ಕಡೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗುತ್ತೆ ನಿಜ, ಆದರೆ ಅಲ್ಲೂ ಕನಿಷ್ಠ ವಿದ್ಯಾರ್ಹತೆ ಕೇಳ್ತಾರೆ. ಮೆಡಲ್ ಜೊತೆ ಮಾರ್ಕ್ಸ್ ಕಾರ್ಡೂ ಟೇಬಲ್ ಮೇಲೆ ಇಡಬೇಕು.

ನಾಲ್ಕನೇ ಸಾಲು, ಭಾನುವಾರ. ಇದಕ್ಕೆ ಒಬ್ಬ ದೇವರ ಮನುಷ್ಯನ ಜೀವನ ಹೇಳ್ಬೇಕು.

ಎಡಿನ್‌ಬರೋದ ಸೈನ್ಸ್ ವಿದ್ಯಾರ್ಥಿ

ಎರಿಕ್ ಲಿಡೆಲ್. 1902ರಲ್ಲಿ ಚೀನಾದ ತಿಯಾನ್‌ಜಿನ್‌ನಲ್ಲಿ ಮಿಷನರಿ ತಂದೆ-ತಾಯಿಗೆ ಹುಟ್ಟಿದವರು. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸೈನ್ಸ್ ಓದ್ತಾ ಓಡ್ತಿದ್ರು, ರಗ್ಬಿಯನ್ನೂ ಸ್ಕಾಟ್ಲೆಂಡ್ ಪರ ಆಡಿದ್ರು. 1924ರ ಪ್ಯಾರಿಸ್ ಒಲಿಂಪಿಕ್ಸ್. 100 ಮೀಟರಲ್ಲಿ ಅವರ ಮೇಲೆ ದೊಡ್ಡ ನಿರೀಕ್ಷೆ. ಆದರೆ ಅದರ ಹೀಟ್ಸ್ ಭಾನುವಾರ. ನಾನು ಭಾನುವಾರ ಓಡಲ್ಲ ಅಂದ್ರು. ತುಂಬಾ ಜನ ಅಂದ್ಕೊಂಡಿರೋ ಹಾಗೆ ಅದು ಹಡಗು ಹತ್ತೋವಾಗ ತಗೊಂಡ ತೀರ್ಮಾನ ಅಲ್ಲ. ವೇಳಾಪಟ್ಟಿ ತಿಂಗಳುಗಳ ಮೊದಲೇ ಗೊತ್ತಿತ್ತು. ಗೊತ್ತಾದ ಮೇಲೆ ಅವರು ಬರೀ ಪ್ರಾರ್ಥನೆ ಮಾಡ್ಕೊಂಡು ಕೂರಲಿಲ್ಲ, 400 ಮೀಟರಿಗೆ ತಯಾರಿ ಮಾಡಿದ್ರು. ಜುಲೈ 11ರಂದು 47.6 ಸೆಕೆಂಡಲ್ಲಿ ಓಡಿ ಚಿನ್ನ ಗೆದ್ರು. 200 ಮೀಟರಲ್ಲಿ ಕಂಚು ಕೂಡ ಬಂತು. ಹಲ್ಲೆಲೂಯಾ!

ಇಷ್ಟು ಎಲ್ಲಾ ಪಾಸ್ಟರುಗಳೂ ಹೇಳ್ತಾರೆ. ಮುಂದಿನದ್ದು ಕೇಳಿ. ಚಿನ್ನ ಗೆದ್ದು ಒಂದೇ ವಾರಕ್ಕೆ ಅವರು ಎಡಿನ್‌ಬರೋದಲ್ಲಿ ಸೈನ್ಸ್ ಡಿಗ್ರಿ ತಗೊಂಡ್ರು. ಮರು ವರ್ಷ, 1925ರಲ್ಲಿ ಚೀನಾಕ್ಕೆ ಹೋದ್ರು. ಅಲ್ಲಿ ಮಾಡಿದ ಕೆಲಸ ಏನು? ತಿಯಾನ್‌ಜಿನ್‌ನ ಕಾಲೇಜೊಂದರಲ್ಲಿ ಹುಡುಗರಿಗೆ ಸೈನ್ಸ್ ಪಾಠ. ಓಟ ಅವರಿಗೆ ಹೆಸರು ಕೊಡ್ತು, ಸಾಕ್ಷಿ ಹೇಳೋ ವೇದಿಕೆ ಕೊಡ್ತು. ಆದರೆ ಆಮೇಲಿನ ವರ್ಷಗಳಲ್ಲಿ ಕ್ಲಾಸಿಗೆ ಕರ್ಕೊಂಡು ಹೋಗಿದ್ದು ಆ ಡಿಗ್ರಿ. ಯುದ್ಧಕಾಲದಲ್ಲಿ ಜಪಾನಿಯರು ಅವರನ್ನ ವೆಯ್‌ಶಿಯೆನ್ ಶಿಬಿರದಲ್ಲಿ ಬಂಧಿಸಿಟ್ರು. ಅಲ್ಲಿ ಸಿಕ್ಕಿಹಾಕಿಕೊಂಡಿದ್ದ ಮಕ್ಕಳಿಗೆ ಅವರು ಪಾಠನೂ ಹೇಳಿಕೊಟ್ರು, ಆಟನೂ ಆಡಿಸಿದ್ರು. ಎರಡು ತಲಾಂತೂ ಮುಳ್ಳುತಂತಿಯೊಳಗೆ ಕೆಲಸಕ್ಕೆ ಬಂತು. 1945ರ ಫೆಬ್ರುವರಿಯಲ್ಲಿ, 43ನೇ ವಯಸ್ಸಲ್ಲಿ, ಮಿದುಳಿನ ಗೆಡ್ಡೆಯಿಂದ ಅಲ್ಲೇ ತೀರಿಕೊಂಡ್ರು.

ನೀವೆಲ್ಲ ಲಿಡೆಲ್ ಥರಾನೇ ಭಾನುವಾರ ಓಡಲೇಬಾರದು ಅಂತ ನಾನು ಕಾನೂನು ಮಾಡ್ತಿಲ್ಲ. ನೀಟ್ ಪರೀಕ್ಷೆಯನ್ನೇ ಭಾನುವಾರ ಇಡ್ತಾರೆ, ಎಷ್ಟೋ ಮೀಟ್‌ಗಳೂ ಭಾನುವಾರ ನಡೀತವೆ. ಶನಿವಾರದ ಆರಾಧನೆ ಇದೆ, ನಿಮ್ಮ ಸೆಲ್ ಗ್ರೂಪ್ ಇದೆ. ನಾನು ಹೇಳೋದು ಇಷ್ಟೇ: ನಿಮ್ಮ ಗೆರೆ ಎಲ್ಲಿ ಅಂತ ಸೇರೋ ಮುಂಚೆ ತೀರ್ಮಾನ ಮಾಡಿ. ದಾನಿಯೇಲ ಊಟದ ತಟ್ಟೆ ಮುಂದೆ ಬಂದಾಗ ಯೋಚನೆ ಶುರು ಮಾಡಲಿಲ್ಲ, ಮೊದಲೇ ನಿಶ್ಚಯ ಮಾಡ್ಕೊಂಡಿದ್ದ. ಬರೀ ಆಟಕ್ಕಲ್ಲ, ಓದಿಗೂ ಗೆರೆ ಬೇಕು. ನಾಲ್ಕು ವರ್ಷ ವಿಶ್ವಾಸಿಗಳ ಮುಖ ನೋಡದೆ, ಪ್ರಾರ್ಥನೆ ಇಲ್ಲದೆ ಒಣಗಿಹೋಗೋ ಕಾಲೇಜು, ಅದು ಎಷ್ಟು ದೊಡ್ಡ ಹೆಸರಿನದ್ದಾದ್ರೂ, ತುಂಬಾ ದುಬಾರಿ.

ಆ ಮೇಜಿನ ಸುತ್ತ ಕೇಳಿದ್ದು

ಲೆಕ್ಕ ಎಲ್ಲಾ ಬರೆದಾಯ್ತು. ತಾಯಿ ಮಾತ್ರ ಮೌನ. ಸ್ವಲ್ಪ ಹೊತ್ತಾದ ಮೇಲೆ ಅವರು ಹೇಳಿದ ಮಾತು ಲೆಕ್ಕದಲ್ಲಿ ಇರಲಿಲ್ಲ. "ನಾನು ಟೆಕ್ ಪಾರ್ಕಲ್ಲಿ ಹನ್ನೊಂದು ವರ್ಷದಿಂದ ನೆಲ ಒರೆಸ್ತಾ ಇದ್ದೀನಿ ಪಾಸ್ಟರ್. ದಿನಾ ಆ ಹುಡುಗೀರು ಕೊರಳಿಗೆ ಐಡಿ ಕಾರ್ಡ್ ಹಾಕ್ಕೊಂಡು ಗಾಜಿನ ಬಾಗಿಲು ದಾಟಿ ಒಳಗೆ ಹೋಗ್ತಾರೆ. ನನ್ನ ಮಗಳು ಹಂಗೆ ಹೋಗೋದನ್ನ ಒಂದು ಸಲ ನೋಡ್ಬೇಕು. ಅಷ್ಟೇ ನನ್ನ ಪ್ರಾರ್ಥನೆ."

ಮಗಳು ಆ ಮಾತು ಕೇಳಿದ್ದು ಅವತ್ತೇ ಮೊದಲು. ಒಂದೇ ಮನೆ, ಒಂದೇ ರೂಮು, ಹದಿನೆಂಟು ವರ್ಷ. ಅವಳು ಅತ್ತಳು. ಆಮೇಲೆ ಹೇಳಿದಳು, "ಅಮ್ಮ, ಸ್ಕೂಲಲ್ಲೂ ಕಾಲೇಜಲ್ಲೂ ನಾನು ಎಲ್ಲರಿಗೂ ಹೆದರ್ತೀನಿ. ಇಂಗ್ಲಿಷ್ ಮಾತಾಡೋಕೆ ಹೆದರ್ತೀನಿ. ಓಡೋವಾಗ ಮಾತ್ರ ಯಾರಿಗೂ ಹೆದರಲ್ಲ."

ದೇವರ ಮಕ್ಕಳೇ, ಆ ಚೀಟಿಯ ಎರಡು ಪ್ರಾರ್ಥನೆಗಳ ಹಿಂದೆ ಇದ್ದಿದ್ದು ಇದು. ತಾಯಿ ಕೇಳ್ತಿದ್ದಿದ್ದು ಇಂಜಿನಿಯರಿಂಗ್ ಅಲ್ಲ, ಮಗಳ ತಲೆ ಎತ್ತಿದ ಬದುಕು. ಮಗಳು ಕೇಳ್ತಿದ್ದಿದ್ದೂ ಅದನ್ನೇ. ಅವರು ಬಿಸಿಎ ಆರಿಸ್ಕೊಂಡ್ರು. ಟ್ರ್ಯಾಕ್ ಹತ್ತಿರ, ಕಂಪ್ಯೂಟರ್ ಕೋರ್ಸು, ಸಾಲ ಇಲ್ಲ, 31 ಗಂಟೆ ಉಳೀತು. ಇದೇ ಎಲ್ಲರಿಗೂ ಉತ್ತರ ಅಲ್ಲ. ಅದೇ ವಾರ ಇನ್ನೊಬ್ಬ ಹುಡುಗ, ಫುಟ್‌ಬಾಲ್ ಆಡೋನು, ಇದೇ ನಾಲ್ಕು ಸಾಲು ಬರೆದ. ಬರೆದು ಮುಗಿಸಿ ನಕ್ಕ. "ಪಾಸ್ಟರ್, ನನಗೆ ಬೇಕಿರೋದು ಸಂಜೆ ಫ್ರೆಂಡ್ಸ್ ಜೊತೆ ಆಡೋದು. ಅದಕ್ಕೆ ಕಾಲೇಜು ಬದಲಾಯಿಸ್ಬೇಕಾಗಿಲ್ಲ." ಇಂಜಿನಿಯರಿಂಗ್ ಸೇರ್ತಿದ್ದಾನೆ, ಕಾಲೇಜು ಟೀಮಲ್ಲಿ ಆಡ್ತಾನೆ. ಅವನು ಸೋತಿಲ್ಲ, ಇವಳು ಹಠ ಮಾಡಿಲ್ಲ. ಇಬ್ಬರೂ ಕೂತು ಲೆಕ್ಕ ಹಾಕಿದ್ರು.

ಪ್ರವಾದನೆ ಕೇಳೋರಿಗೆ

"ಪಾಸ್ಟರ್, ನಾವು ಆತ್ಮನ ನಡೆಸುವಿಕೆಯನ್ನು ನಂಬೋರು. ಕಾಲೇಜಿನ ಹೆಸರು ದೇವರೇ ಹೇಳಲ್ವಾ?" ಅಂತ ಕೇಳ್ತೀರಿ. ಪ್ರವಾದನೆಯನ್ನು ನಾನು ನಂಬ್ತೀನಿ, ಈ ಸಭೆ ನಂಬುತ್ತೆ. ಅದನ್ನು ತಿರಸ್ಕರಿಸಬಾರದು, ಎಲ್ಲವನ್ನೂ ಪರೀಕ್ಷಿಸಬೇಕು ಅಂತ 1 ಥೆಸಲೊನೀಕ 5ರಲ್ಲಿ ಇದೆ. ಪರೀಕ್ಷಿಸೋದು ಆಜ್ಞೆ, ಅವಿಶ್ವಾಸ ಅಲ್ಲ. ಯಾಕೋಬ 1:5ರಲ್ಲಿ ದೇವರು ಕೊಡ್ತೀನಿ ಅಂದಿದ್ದು ಏನು? ಜ್ಞಾನ. ಕೊರತೆ ಇದ್ದವನು ಕೇಳಲಿ, ಗದರಿಸದೆ ಧಾರಾಳವಾಗಿ ಕೊಡ್ತಾನೆ ಅನ್ನೋದು ಆ ವಚನದ ಸಾರ. ಬಹಳ ಸಲ ನಾವು ಜ್ಞಾನ ಕೇಳೋ ಬದಲು ಫಲಿತಾಂಶ ಕೇಳ್ತೀವಿ. ಯಾಕಂದ್ರೆ ಜ್ಞಾನ ಸಿಕ್ಕಿದ್ರೆ ನಾವೇ ಕೂತು ಯೋಚಿಸಬೇಕು, ಅಪ್ಪನ ಹತ್ರ ಮಾತಾಡ್ಬೇಕು, ಪತ್ರದ ಸಣ್ಣ ಅಕ್ಷರ ಓದಬೇಕು. ಫಲಿತಾಂಶ ಸಿಕ್ಕಿದ್ರೆ ನಾಳೆ ಕಷ್ಟ ಬಂದಾಗ "ಪಾಸ್ಟರ್ ಹೇಳಿದ್ರು" ಅನ್ನಬಹುದು.

ತಂದೆ-ತಾಯಂದಿರೇ, ನಿಮಗೂ ಒಂದು ಮಾತು, ಪ್ರೀತಿಯಿಂದ. ನಿಮ್ಮ ಆಸೆಯನ್ನ ದೇವರ ಬಾಯಲ್ಲಿ ಹೇಳಿಸಬೇಡಿ. "ನನಗೆ ಭಯ ಆಗುತ್ತೆ ಮಗಾ" ಅಂತ ನೇರವಾಗಿ ಹೇಳಿ. ಮಕ್ಕಳು ಆ ಮಾತನ್ನ ತಡ್ಕೊಳ್ತಾರೆ. "ಕರ್ತನು ನಿನ್ನನ್ನು ಇಂಜಿನಿಯರ್ ಮಾಡ್ತಾನೆ ಅಂತ ಹೇಳಿದ್ದಾನೆ" ಅಂತ ಹೇಳಿ, ಅದು ಆಗದೇ ಹೋದ್ರೆ, ಮಗು ಕಾಲೇಜಿನ ಮೇಲಲ್ಲ, ದೇವರ ಮೇಲೆ ನಂಬಿಕೆ ಕಳ್ಕೊಳ್ಳುತ್ತೆ.

ಕೊನೆಯ ಮಾತು

ಲೂಕ 3ನೇ ಅಧ್ಯಾಯ ನೆನಪು ಮಾಡ್ಕೊಳ್ಳಿ. ಯೇಸುಸ್ವಾಮಿ ಯೊರ್ದನಿನಲ್ಲಿ ದೀಕ್ಷಾಸ್ನಾನ ತಗೊಂಡು ಪ್ರಾರ್ಥನೆ ಮಾಡ್ತಿದ್ದಾಗ ಆಕಾಶ ತೆರೀತು, ಪವಿತ್ರಾತ್ಮನು ಇಳಿದು ಬಂದ, ತಂದೆಯ ಸ್ವರ ಕೇಳಿಸ್ತು. ನೀನು ನನ್ನ ಪ್ರಿಯ ಮಗ, ನಿನ್ನನ್ನು ಮೆಚ್ಚಿದ್ದೇನೆ ಅನ್ನೋದು ಅದರ ಅರ್ಥ. ಅದು ಯಾವಾಗ? ಒಂದು ಅದ್ಭುತವನ್ನೂ ಮಾಡೋ ಮುಂಚೆ. ಒಂದು ಪ್ರಸಂಗವನ್ನೂ ಮಾಡೋ ಮುಂಚೆ. ರಿಸಲ್ಟ್ ಬರೋ ಮುಂಚೇನೇ ತಂದೆ ಮೆಚ್ಚಿಕೊಂಡಿದ್ದ.

ಕ್ರಿಸ್ತನಲ್ಲಿರೋ ನಿನ್ನನ್ನೂ ಆ ತಂದೆ ಹಾಗೇ ನೋಡ್ತಾನೆ. ನೀನು 95 ಪರ್ಸೆಂಟ್ ಅಲ್ಲ. ನೀನು 56 ಸೆಕೆಂಡ್ ಅಲ್ಲ. ಇವತ್ತು ಇದನ್ನ ಹಿಡ್ಕೊಂಡ್ರೆ, ಕಾಲೇಜು ಆರಿಸೋವಾಗ ಕೈ ನಡುಗಲ್ಲ. ಮೆಚ್ಚಿಗೆ ಗಳಿಸೋಕೆ ಹೋಗೋನಿಗೆ ತಪ್ಪು ಕಾಲೇಜು ಅಂದ್ರೆ ಲೋಕವೇ ಮುಗಿದ ಹಾಗೆ. ಮೆಚ್ಚಿಗೆ ಪಡೆದುಕೊಂಡು ಹೋಗೋನಿಗೆ ಕಾಲೇಜು ಒಂದು ಹೊಲ, ಅಲ್ಲಿ ಉಳ್ತಾನೆ, ಬಿತ್ತುತ್ತಾನೆ. ಬೆಳೆ ಕೊಡೋದು ಕರ್ತನ ಕೆಲಸ.

ಹಾಗಾಗಿ ಇವತ್ತು ರಾತ್ರಿ ಮನೇಲಿ ಟಿವಿ ಆಫ್ ಮಾಡಿ. ಎಲ್ಲರೂ ಕೂತ್ಕೊಳ್ಳಿ. ಮೊದಲು ಪ್ರಾರ್ಥನೆ ಮಾಡಿ, ಆಮೇಲೆ ನೋಟ್‌ಬುಕ್ ತೆಗೀರಿ. ಸಮಯ, ಕಾಗದ, ಮೊಣಕಾಲು, ಭಾನುವಾರ. ಅಮ್ಮನಿಗೆ ಏನು ಭಯ ಕೇಳಿ. ಮಗಳಿಗೆ ಏನು ಆಸೆ ಕೇಳಿ. ಯಾರೂ ಮಧ್ಯೆ ಬಾಯಿ ಹಾಕ್ಬೇಡಿ.

ಈಗ ಎದ್ದು ನಿಲ್ಲೋಣ. ಕೀಬೋರ್ಡ್ ಬ್ರದರ್, ಮೆಲ್ಲಗೆ ನುಡಿಸಿ. ಈ ವರ್ಷ ಕಾಲೇಜು ಆರಿಸ್ಬೇಕಾದ ತಮ್ಮಂದಿರು, ತಂಗಿಯರು ಮುಂದೆ ಬನ್ನಿ. ನಾಚ್ಕೋಬೇಡಿ. ಅಪ್ಪ-ಅಮ್ಮ ಬಂದಿದ್ರೆ ಅವರ ಕೈ ಹಿಡ್ಕೊಂಡೇ ಬನ್ನಿ.

ತಂದೆಯೇ, ನಿಮಗೆ ಸ್ತೋತ್ರ. ಈ ಮಕ್ಕಳ ಕಾಲುಗಳನ್ನು ಮಾಡಿದವರು ನೀವೇ, ಇವರ ಬುದ್ಧಿಯನ್ನು ಕೊಟ್ಟವರು ನೀವೇ. ಇವರ ಹೆಸರಿನ ಮುಂದೆ ಡಿಗ್ರಿ ಬರೋ ಮುಂಚೆ, ಕೊರಳಿಗೆ ಪದಕ ಬೀಳೋ ಮುಂಚೆ, ಇವರು ನಿಮ್ಮವರು. ಭಯದಿಂದ ಅಲ್ಲ, ಜ್ಞಾನದಿಂದ ಆರಿಸಲು ಸಹಾಯ ಮಾಡಿ. ಓದದ ಸಣ್ಣ ಅಕ್ಷರಗಳಿಗೆ ಇವರ ಕಣ್ಣು ತೆರೆಯಿರಿ. ಮನೆಯಲ್ಲಿ ಹೇಳದೆ ಉಳಿದ ಮಾತುಗಳಿಗೆ ಬಾಯಿ ತೆರೆಯಿರಿ. ಸಾಲ ಮಾಡಲು ಹೊರಟಿರೋ ತಂದೆಯರಿಗೆ ದಾರಿ ತೋರಿಸಿ, ರಾತ್ರಿ ಎಚ್ಚರವಿರೋ ತಾಯಂದಿರಿಗೆ ನಿದ್ದೆ ಕೊಡಿ. ಗೆದ್ದರೂ ಸೋತರೂ ನಿಮ್ಮ ಸನ್ನಿಧಿಯಿಂದ ದೂರ ಹೋಗದಂತೆ ಇವರನ್ನು ಕಾಪಾಡಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ.

ಎಲ್ಲರೂ ಹೇಳಿ, ಆಮೆನ್.